ಲಾಭದ ತೂಕ

ತೂಕ ಮಾಡಿಸಿಕೊಳ್ಳುವ ಸಾಲಿನಲ್ಲಿ ಮೊದಲಿಗನಾಗಿ ನಿಂತದ್ದೇ ರಮಜಾನನ ಅಂದಿನ ಗೋಳಿಗೆಲ್ಲ ಮೂಲ. ಆದರೆ ಅವನಿಗೆ ಅವಸರವಿತ್ತು. ಮಧ್ಯಾಹ್ನ ಕಳ್ಳಕವಟಗಿಯಲ್ಲಿ ಹೆಂಡತಿಯ ಅಣ್ಣನ ಮಗ ಸುಫಿಯಾನನ ಮದುವೆಯ ಊಟ, ಊಟವೆಂದರೆ ಮಟನ್ ಬಿರಿಯಾನಿ.

ರಮಜಾನನದು ಸ್ಟೇಷನ್ ರಸ್ತೆಯಲ್ಲಿ ಮಿಕ್ಸರ್ ರಿಪೇರಿ ಅಂಗಡಿ. ಎರಡು ತಿಂಗಳ ಹಿಂದೆ ಓಣಿಯ ಕಬಡ್ಡಿ ಕ್ಲಬ್ಬಿನವರು ನಲವತ್ತು ದಾಟಿದ ಗಂಡಸರ ಆರೋಗ್ಯ ಸುಧಾರಿಸುತ್ತೇವೆಂದು ಹೊರಟಾಗ ಮೊದಲು ಅವರ ಕಣ್ಣಿಗೆ ಬಿದ್ದದ್ದು ಇವನ ಹೊಟ್ಟೆ. ಅಂದಿನಿಂದ ಬೆಳಿಗ್ಗೆ ಐದೂವರೆಗೆ ಸೀಟಿ, ಮೈದಾನದ ಸುತ್ತ ಹತ್ತು ಸುತ್ತು. ಸುತ್ತು ಮುಗಿದ ಮೇಲೆ ಮಂದಿಯೆಲ್ಲ ಮಿರ್ಚಿ ಭಜಿ ಅಂಗಡಿಯ ಮುಂದೆ ನಿಂತು ಸುಧಾರಿಸಿಕೊಳ್ಳುತ್ತಿದ್ದದ್ದು ಬೇರೆ ಮಾತು. ಕ್ಲಬ್ಬಿನ ಡಾಕ್ಟರು ಇವನ ಸಕ್ಕರೆ ಕಾಯಿಲೆಯ ಚೀಟಿ ನೋಡಿ ಹುಬ್ಬೇರಿಸಿದ ಮೇಲೆ ಹೆಂಡತಿ ಮಕ್ತುಮಬಿ ಮನೆಗೆ ಮಾಂಸ ತರುವುದನ್ನೇ ಬಿಟ್ಟಿದ್ದಳು.

"ಇವತ್ತ ಒಂದ ಕಿಲೋನಾದ್ರೂ ಇಳದಿದ್ರ ಬಿರಿಯಾನಿ ಉಣ್ರಿ. ಇಲ್ಲಂದ್ರ ಪಾತೇಲಿ ಕಡೆ ಹೊಳ್ಳಿ ಸಹಿತ ನೋಡಂಗಿಲ್ಲ," ಎಂದು ಬೆಳಿಗ್ಗೆಯೇ ಫರ್ಮಾನು ಹೊರಡಿಸಿದ್ದಳು. ಎರಡು ತಿಂಗಳು ಪುಂಡಿಪಲ್ಯ ತಿಂದವನಿಗೆ ಇದು ಜೀವನ್ಮರಣದ ಪ್ರಶ್ನೆ.

ಕ್ಲಬ್ಬಿನ ತೂಕದ ಯಂತ್ರ ಹಿಂದಿನ ವಾರ ಪಕ್ಕದ ಮನೆಯ ಇಸ್ಮಾಯಿಲ ಹತ್ತಿದಾಗಲೇ ಪ್ರಾಣ ಬಿಟ್ಟಿತ್ತು. ಹಾಗಾಗಿ ಮಾರುಕಟ್ಟೆಯಿಂದ ಚೀಲ ತೂಗುವ ದೊಡ್ಡ ಕಾಟಾ ತರಿಸಿದ್ದರು. ಅದರ ಬೆನ್ನಿಗೆ ಮೂವತ್ತು ವರ್ಷ ಜೋಳದ ಚೀಲ ತೂಗಿದ ಸಾರವಾಡದ ಅಮರಪ್ಪನೂ ಬಂದಿದ್ದ.

ರಮಜಾನ ಕಾಟಾ ಹತ್ತಿ ಉಸಿರು ಬಿಗಿಹಿಡಿದ. ಅಂಕಿಗಳು ಅಮರಪ್ಪನ ಕಡೆ ಮುಖ ಮಾಡಿದ್ದವು. ಅಮರಪ್ಪ ಬಗ್ಗಿ ನೋಡಿದ, ಹಾಳೆಯಲ್ಲಿ ಏನೋ ಬರೆದ, ಆಮೇಲೆ ಮೈದಾನಕ್ಕೆಲ್ಲ ಕೇಳುವಂತೆ ಕೂಗಿದ:

"ಲಾಭ!"

ಹಿಂದಿನವರು ಗೊಳ್ಳೆಂದು ನಕ್ಕರು. "ಎರಡ ತಿಂಗಳ ಓಡಿ ತೂಕದಾಗ ಲಾಭ ಮಾಡ್ಕೊಂಡಾನಲ್ಲೋ!" ಎಂದು ಒಬ್ಬ ಹೊಟ್ಟೆ ಹಿಡಿದುಕೊಂಡ. ಮುಂದೆ ಇಸ್ಮಾಯಿಲ ಹತ್ತಿದ. ಕಾಟಾ ಕಿರ್ರೆಂದಿತು. "ಎರಡು!" ಎಂದ ಅಮರಪ್ಪ. ಎರಡು ಕಿಲೋ ಇಳಿಸಿದ ವೀರನಿಗೆ ಚಪ್ಪಾಳೆಯೋ ಚಪ್ಪಾಳೆ. ಮೂರನೆಯವನ ತೂಕ ಕೇಳಲೂ ರಮಜಾನನಿಗೆ ಅಲ್ಲಿ ನಿಲ್ಲಲಾಗಲಿಲ್ಲ; ಇಸ್ಮಾಯಿಲನಂತೂ ಆಗಲೇ ಮನೆಗೆ ಫೋನ್ ಹಚ್ಚಿಕೊಂಡು ಹೊರನಡೆದಿದ್ದ.

ಅವನು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಇಸ್ಮಾಯಿಲನ ಹೆಂಡತಿ ಸಕೀನಾ ಹೊಸ್ತಿಲಲ್ಲೇ ನಿಂತು ಮಕ್ತುಮಬಿಗೆ ಸಮಾಧಾನ ಹೇಳುತ್ತಿದ್ದಳು. "ಎಲ್ಲಾರ್ದೂ ಇಳಿಯೂದಿಲ್ಲ ಬಿಡ ಬೇ. ನಮ್ಮವ್ರಿಗೆ ಮನಸ್ಸ ಗಟ್ಟಿ ಅದ, ಇಳದಾರ." ಆ ಸಮಾಧಾನ ಗಾಯಕ್ಕೆ ಸವರಿದ ಖಾರದಂತಿತ್ತು.

ಆಗ ಎದುರು ಮನೆಯ ಹುಸೇನಸಾಬ ಕಟ್ಟೆಯಿಂದಲೇ ಕೆಮ್ಮಿದ. ಒಂದು ಕಾಲಕ್ಕೆ ಕಾಳಿನ ವ್ಯಾಪಾರ ಮಾಡಿದ ಮುದುಕ. "ತಡೀರಿ. ಅಮರಪ್ಪ ಪ್ಯಾಟ್ಯಾಗಿನ ಮನಶ್ಯಾ. ಅಲ್ಲಿ ಒಂದಕ್ಕ ಒಂದು ಅನ್ನೂದಿಲ್ಲ, ಶುಭಾ ಆಗ್ಲಿ ಅಂತ ಲಾಭ ಅಂತಾರ. ಇಸ್ಮಾಯಿಲಂದು ಎರಡಾದ್ರ ನಿನ್ನದು ಒಂದು ಇಳದದ ಲೇ ತಮ್ಮಾ!"

ರಮಜಾನನಿಗೆ ಹೋದ ಜೀವ ಬಂತು. ಮಕ್ತುಮಬಿ ಮಾತ್ರ ಕರಗಲಿಲ್ಲ. "ಆ ತೂಗಿದಾವ್ನ ಬಂದು ನನ್ನ ಮುಂದ ಹೇಳ್ಲಿ," ಎಂದು ಸಕೀನಾ, ಇಸ್ಮಾಯಿಲರ ಜೊತೆ ಟಂಟಂ ಆಟೋ ಹತ್ತಿ ಕಳ್ಳಕವಟಗಿಗೆ ಹೊರಟೇಬಿಟ್ಟಳು.

ಕ್ಲಬ್ಬಿನ ಕಾರ್ಯದರ್ಶಿ ಅರುಣಕುಮಾರನಿಗೆ ಫೋನ್ ಮಾಡಿದರೆ, "ಹಾಳಿ ಡಾಕ್ಟರ್ ಕಡೆ ಹೋಗ್ಯಾವ್ರಿ, ಸಂಜಿಗೆ ಬರ್ತಾವ. ಅಮರಪ್ಪ ಊರಿಗೆ ಹೋಗ್ಯಾನ," ಎಂಬ ಉತ್ತರ. ಸಂಜೆಯವರೆಗೆ ಬಿರಿಯಾನಿ ಯಾರಪ್ಪನ ಮನೆಯಲ್ಲಿ ಕಾದಿರುತ್ತದೆ? ರಮಜಾನ ಬೈಕು ಹತ್ತಿ ಸಾರವಾಡಕ್ಕೆ ಓಡಿಸಿದ.

ಅಮರಪ್ಪ ಅಂಗಳದಲ್ಲಿ ಗಡ್ಡ ಕೆರೆದುಕೊಳ್ಳುತ್ತಿದ್ದ. ಅರ್ಧ ಮುಖದ ಮೇಲೆ ಇನ್ನೂ ಸೋಪಿನ ನೊರೆ.

"ಅಮರಪ್ಪಣ್ಣಾ, ಲಾಭ ಅಂದ್ರ ಒಂದು, ಹೌದಿಲ್ಲೋ?"

"ಹೌದರಿ. ನಮ್ಮ ಅಜ್ಜನ ಕಾಲದಿಂದ್ಲೂ ಒಂದ."

"ಇಷ್ಟ ಮಾತ ನನ್ನ ಹೇಣ್ತಿ ಮುಂದ ಹೇಳ್ರಿ ಯಪ್ಪಾ, ಪುಣ್ಯ ಬರ್ತದ!"

ಸಂತೋಷದಲ್ಲಿ ಇನ್ನೊಂದು ಮಾತು ಕೇಳುವುದೂ ಅವನಿಗೆ ಹೊಳೆಯಲಿಲ್ಲ. ಅಮರಪ್ಪ ಮುಖ ಒರೆಸಿಕೊಂಡು ಹಿಂದೆ ಕುಳಿತ. ಕಳ್ಳಕವಟಗಿಯ ದಾರಿಯಲ್ಲಿ ಟಿಕೋಟಾ ಇನ್ನೂ ಎರಡು ಕಿಲೋಮೀಟರ್ ಇರುವಾಗ ಹಿಂದಿನ ಗಾಲಿ ಪಂಕ್ಚರ್ ಆಯಿತು. ಸುಡುಬಿಸಿಲಲ್ಲಿ ರಮಜಾನ ಪಂಕ್ಚರ್ ಅಂಗಡಿಯವರೆಗೆ ಬೈಕು ನೂಕಿದ. ಅಮರಪ್ಪ ಟವೆಲ್ ತಲೆಗೆ ಹಾಕಿಕೊಂಡು ಜೋಳದ ರೇಟಿನ ಬಗ್ಗೆ ಮಾತಾಡುತ್ತ ಹಿಂದೆ ನಡೆದ.

ಅವರು ಮುಟ್ಟಿದಾಗ ಕೊನೆಯ ಪಂಕ್ತಿ ಕುಳಿತಿತ್ತು. ಇಸ್ಮಾಯಿಲನ ಮುಂದೆ ಮೂರನೆಯ ಪ್ಲೇಟು. ಮಕ್ತುಮಬಿ ಸೆರಗು ಸರಿಪಡಿಸಿಕೊಂಡು ಬಂದಳು.

"ಲಾಭ ಅಂದ್ರ ಒಂದರಿ ಅಕ್ಕಾರ," ಎಂದ ಅಮರಪ್ಪ.

ಅವಳ ಮುಖ ಅರಳಿತು. ಬಿಸಿಲಿಗೆ ಬೆಂದು ಬಂದ ಗಂಡನ ಕೈಗೆ ನೀರಿನ ಲೋಟ ಕೊಟ್ಟಳು. ತಾನೇ ಪಾತೇಲಿಯ ತಳದಿಂದ ಒಳ್ಳೆಯ ತುಂಡುಗಳನ್ನು ಆರಿಸಿ ಪ್ಲೇಟು ತುಂಬಿ ತಂದಿಟ್ಟಳು. ರಮಜಾನ ಕಣ್ಣು ಮುಚ್ಚಿ ಮೊದಲ ತುತ್ತು ಎತ್ತಿದ.

ಇಸ್ಮಾಯಿಲನಿಗೆ ಸುಮ್ಮನಿರಲಾಗಲಿಲ್ಲ. "ಏನ್ ದೊಡ್ಡಸ್ತನ? ಅವ ಇಳಿಸಿದ್ದು ಒಂದ ಕಿಲೋ, ನಾ ಎರಡು ಇಳಿಸೇನಿ!"

ಅಮರಪ್ಪ ಗಾಬರಿಯಾಗಿ ಇಬ್ಬರನ್ನೂ ನೋಡಿದ. "ಇಳಿಸೀರಿ? ಯಾರ್ರೀ ಇಳಿಸಿದವ್ರು? ಮೊದಲ್ನೇ ಚೀಲ ಲಾಭ, ಆಮ್ಯಾಲಿಂದು ಎರಡು. ನಾ ತಲಿ ಎಣಿಸಿದ್ದರೀ! ತೂಕದ್ದು ಬ್ಯಾರೆ. ಇವ್ರದು ತೊಂಬತ್ತೊಂದು, ನಿಮ್ಮದು ನೂರಾ ಆರು."

ಎರಡು ತಿಂಗಳ ಹಿಂದೆ ಇಸ್ಮಾಯಿಲ ನೂರಾ ಮೂರಿದ್ದ, ರಮಜಾನ ಎಂಬತ್ತೆಂಟಿದ್ದ. ಆ ಲೆಕ್ಕ ಅವನಿಗಿಂತ ಚೆನ್ನಾಗಿ ಹೆಂಡತಿಗೆ ನೆನಪಿತ್ತು. ಸಕೀನಾ ಇಸ್ಮಾಯಿಲನ ಪ್ಲೇಟು ಎಳೆದುಕೊಂಡಳು, ಮಕ್ತುಮಬಿ ರಮಜಾನನ ತುತ್ತನ್ನು ಕೈಯಿಂದಲೇ ಬಿಡಿಸಿ, ಪ್ಲೇಟನ್ನು ಎತ್ತಿಟ್ಟು, ಅಮರಪ್ಪನಿಗೆ ಹೊಸದೊಂದು ತುಂಬಿಸಲು ಹೊರಟಳು.

"ನಾ ಮಟನ್ ತಿನ್ನೂದಿಲ್ರಿ ಅಕ್ಕಾರ," ಎಂದು ಅವನು ಕೈಮುಗಿದ.

ಮಕ್ತುಮಬಿ ತನ್ನ ಚೀಲದಿಂದ ಡಬ್ಬಿ ತೆಗೆದಳು. ತೂಕ ಇಳಿಯದಿದ್ದರೆ ಗಂಡನಿಗಿರಲಿ ಎಂದು ತಂದ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ. "ಅಷ್ಟ ದೂರಿಂದ ಬಂದೀರಿ ಅಣ್ಣಾರ, ಉಪಾಸ ಹೋಗಬಾರ್ದು," ಎಂದು ಅದನ್ನೂ ಅವನ ಮುಂದೆ ಬಿಚ್ಚಿಟ್ಟಳು.

ಅಮರಪ್ಪ ರೊಟ್ಟಿ ಮುರಿದು ಬಾಯಿಗಿಟ್ಟು ತಲೆಯಾಡಿಸಿದ. "ಭಾಳ ಛಲೋ ಆಗೇದ್ರಿ. ಉಪ್ಪೊಂದ ಚೂರ ಕಡಿಮಿ."

"ಕುಂತೀರೇನು? ಉಪ್ಪ ತರ್ರಿ," ಎಂದಳು ಮಕ್ತುಮಬಿ.

ರಮಜಾನ ಎದ್ದು ಉಪ್ಪು ತರಲು ಹೋದ.