ಮಾದರಿ ಹಾಳೆಯಲ್ಲಿ ನರಸಮ್ಮ

ಸರ್ಕಾರಿ ಕಾಗದ ಬರೆಯುವುದರಲ್ಲಿ ನನ್ನನ್ನು ಮೀರಿಸುವವರು ಸುತ್ತಮುತ್ತಲಿನ ನಾಲ್ಕು ತಾಲ್ಲೂಕಿನಲ್ಲೇ ಇಲ್ಲ ಎಂದು ಮೊನ್ನೆ ಮೊನ್ನೆಯವರೆಗೂ ನಂಬಿದ್ದೆ. ನಾನು ಪುರಸಭೆಯಲ್ಲಿ ಖರೀದಿ ಗುಮಾಸ್ತ. ಪೊರಕೆ ಟೆಂಡರಿನಲ್ಲಿ ಇನ್ನು ಬೆಲೆಯೊಂದನ್ನೇ ನೋಡಬಾರದು, ಕೊಳ್ಳುವುದರಿಂದ ಸ್ಥಳೀಯ ಜನಕ್ಕೆ ಏನು ಉಪಕಾರ ಎಂಬುದಕ್ಕೂ ಇಪ್ಪತ್ತು ಅಂಕ ಇಡಬೇಕು ಎಂದು ತೀರ್ಮಾನವಾದಾಗ, ಕರಡು ಬರೆಯುವ ಕೆಲಸ ನನ್ನ ಮೇಜಿಗೇ ಬಂತು. ಕುಣಿದಾಡಿಬಿಟ್ಟೆ!

ಕುಣಿಯಲು ಕಾರಣ ಕೊಡಿಗೇನಹಳ್ಳಿ ಕಡೆಯ ನರಸಮ್ಮ. ಅವಳೂ ಅವಳ ಸಂಘದ ಏಳು ಹೆಂಗಸರೂ ಈಚಲ ಗರಿಯ ಪೊರಕೆ ಕಟ್ಟುತ್ತಾರೆ. ಪ್ರತಿ ವರ್ಷ ಯಾವುದೋ ಪ್ಲಾಸ್ಟಿಕ್ ಪೊರಕೆ ಕಂಪನಿ ಕಡಿಮೆ ಬೆಲೆ ಬರೆದು ಇವರನ್ನು ಹಿಂದಕ್ಕೆ ಹಾಕುತ್ತಿತ್ತು. ಈ ಸಲವೂ ಆರ್ಡರ್ ಸಿಗದಿದ್ದರೆ ಸಂಘ ಮುಚ್ಚಿ, ಎಂಟು ಜನವೂ ಹಿಂದೂಪುರದ ಬಸ್ಸು ಹತ್ತಿ ಕೂಲಿಗೆ ಹೋಗುವುದೆಂದು ನಿರ್ಧರಿಸಿದ್ದರು.

"ಈ ಸಲ ನಿಮ್ದೇ ಕಣಮ್ಮ, ನಾನಿದ್ದೀನಿ!" ಎಂದು ಭರವಸೆ ಕೊಟ್ಟೆ.

ಉಪಕಾರದ ವಿವರ ಹೇಗೆ ತುಂಬಬೇಕೆಂದು ತೋರಿಸಲು ಟೆಂಡರಿಗೆ ಒಂದು ಮಾದರಿ ಹಾಳೆ ಸೇರಿಸಿದೆ. ಮಾದರಿಗೆ ಬೇರೆ ಯಾರಿದ್ದಾರೆ? ಪೊರಕೆ ಹಿಡಿದ ನರಸಮ್ಮನ ಫೋಟೋ ನಾನೇ ತೆಗೆದೆ. ಎಂಟು ಹೆಂಗಸರ ಕಥೆ ನಾನೇ ಬರೆದೆ. ಓದಿ ನನಗೇ ಕಣ್ಣು ತುಂಬಿತು! ಕೊನೆಗೆ ಬಲು ಗಂಭೀರವಾಗಿ ಒಂದು ಷರತ್ತು ಹಾಕಿದೆ: "ಮಾದರಿಯಂತೆ ಭರ್ತಿ ಮಾಡಿ ಲಗತ್ತಿಸಿದವರಿಗೆ ಪೂರ್ಣ ಅಂಕ. ಲಗತ್ತಿಸದವರಿಗೆ ಸೊನ್ನೆ. ಇದರಲ್ಲಿ ಯಾವ ವಿನಾಯಿತಿಯೂ ಇರತಕ್ಕದ್ದಲ್ಲ."

ಮನೆಯಲ್ಲಿ ಹೆಂಡತಿ ಸರೋಜಳಿಗೂ ಓದಿ ಹೇಳಿದೆ.

"ಇದ್ನೆಲ್ಲ ಆಯಮ್ಮಂಗೆ ಕೂರಿಸ್ಕೊಂಡು ಹೇಳಿದ್ರಾ?" ಎಂದಳು.

"ಹಾಳೇಲಿ ಅವಳ ಫೋಟೋನೇ ಐತೆ, ಹೇಳೋದೇನು ಬಂತು!"

ಟೆಂಡರ್ ತೆರೆದ ದಿನ ಇದ್ದದ್ದು ಎರಡೇ ಲಕೋಟೆ. ಮೊದಲು ಕಂಪನಿಯದ್ದನ್ನು ಒಡೆದೆ. ಮೇಲೆ ಕಂಪನಿಯ ಹೆಸರು, ಕೆಳಗೆ ಪೊರಕೆ ಹಿಡಿದು ನಗುತ್ತಿರುವ ನರಸಮ್ಮ! ನನ್ನ ಮಾದರಿ ಹಾಳೆಯನ್ನೇ ಇದ್ದಂತೆ ನಕಲು ಹೊಡೆದು ಲಗತ್ತಿಸಿದ್ದರು. ನನ್ನ ಕಾಗುಣಿತದ ತಪ್ಪನ್ನೂ ಬಿಟ್ಟಿರಲಿಲ್ಲ.

ನರಸಮ್ಮನ ಲಕೋಟೆಯಲ್ಲಿ ಬೆಲೆಯ ಕಾಗದವಿತ್ತು. ಆ ಹಾಳೆ ಮಾತ್ರ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತಿದ್ದವಳ ಬಳಿಗೆ ಓಡಿದೆ.

"ಹಾಳೆ ಯಾಕಮ್ಮ ಇಡ್ಲಿಲ್ಲ?"

"ನೀವೇ ಬರ್ದು, ನನ್ ಫೋಟೋ ಹಾಕಿ, ಎಲ್ಲಾರ್ಗೂ ಹಂಚ್ಬುಟ್ಟಿದ್ರಲ್ಲ ಸಾ! ನಿಮ್ ತಾವೇ ಇರೋದ್ನ ತಿರ್ಗಾ ನಿಮ್ಗೇ ಯಾಕೆ ಕೊಡ್ಲಿ?"

ಮುಖ್ಯಾಧಿಕಾರಿಗಳ ಬಳಿ ಹೋಗಿ, "ಸಾರ್, ಇದು ಮೋಸ," ಎಂದು ಗೋಗರೆದೆ. ಅವರು ನನ್ನ ಷರತ್ತನ್ನು ನನಗೇ ಓದಿ ಹೇಳಿದರು.

"ಮಾದರಿಯಂತೆ ಅಂತ ಬರೆದೋರು ಯಾರ್ರೀ? ವಿನಾಯಿತಿ ಇರತಕ್ಕದ್ದಲ್ಲ ಅಂತ ಬರೆದೋರು ಯಾರು?"

ಬರೆದ ಮಹಾನುಭಾವ ತಲೆ ತಗ್ಗಿಸಿ ನಿಂತ.

ಹೊರಗೆ ಬಂದಾಗ ನರಸಮ್ಮ ಎದ್ದು ನಿಂತಳು. "ನನ್ ಫೋಟೋಗೆ ಎಷ್ಟು ಬಂತು ಸಾ?"

"ಇಪ್ಪತ್ತಕ್ಕೆ ಇಪ್ಪತ್ತು ಕಣಮ್ಮ."

ಅವಳ ಮುಖ ಅರಳಿತು. "ಮತ್ತೆ ನಂಗೆ?"

ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅದು ಬಿಡಲಿಲ್ಲ.

ಈಗ ಎಂಟು ಹೆಂಗಸರೂ ದಿನಾ ಹಿಂದೂಪುರದ ಬಸ್ಸಿನಲ್ಲಿ ಹೋಗಿಬರುತ್ತಾರೆ. ನಮ್ಮ ಮನೆಯಲ್ಲಿ ನರಸಮ್ಮ ಕಟ್ಟಿದ ಒಂದು ಪೊರಕೆ ಉಳಿದಿತ್ತು. ಸರೋಜ ಅದನ್ನು ನನ್ನ ಕೈಗೇ ಕೊಟ್ಟಿದ್ದಾಳೆ. ಬೆಳಿಗ್ಗೆ ಎದ್ದು ನಾನೇ ಗುಡಿಸುತ್ತೇನೆ. ಸೊಂಟ ನೋವೆಂದು ಒಂದು ದಿನ ರಜೆ ಕೇಳಿದರೆ, ಅವಳು ಬಾಗಿಲಲ್ಲಿ ನಿಂತು ಹೇಳುತ್ತಾಳೆ:

"ಯಾವ ವಿನಾಯಿತಿಯೂ ಇರತಕ್ಕದ್ದಲ್ಲ."