ಮಾವನ ಕೋವಿಗೆ ಹಿಡಿದ ತುಕ್ಕು

"ಅಳಿಯಂದ್ರೇ, ಮಧ್ಯಾಹ್ನ ಬರ್ತೀನಿ. ಕೋವಿ ತೆಗೆದಿಟ್ಟಿರಿ, ನೋಡ್ಬೇಕು" ಎಂದು ಮಾವ ಫೋನಿನಲ್ಲಿ ಹೇಳಿದ್ದೇ ತಡ, ಗ್ರಂಥಾಲಯದ ಗುಮಾಸ್ತ ಲೋಟ ಕೆಳಗಿಟ್ಟು ಬೀರುವಿನ ಬೀಗದ ಕೈ ಹುಡುಕತೊಡಗಿದ.

ಮಾವನೆಂದರೆ ಅವನಿಗೆ ಭಯ. ಕೋವಿಯೆಂದರೆ ಇನ್ನೂ ಭಯ. ದಿನವಿಡೀ ಪಿಸುಮಾತಿನ ನಡುವೆ ಕೆಲಸ ಮಾಡುವ ಆಸಾಮಿ, ಯಾರಾದರೂ ಜೋರಾಗಿ ಸೀನಿದರೂ ಕುರ್ಚಿಯಿಂದ ಅರ್ಧ ಎದ್ದುಬಿಡುತ್ತಿದ್ದ. ಅಂಥವನ ಮನೆಗೆ ಮಾವ, ತಮ್ಮ ಮನೆಯ ಚಾವಣಿ ರಿಪೇರಿ ಮುಗಿಯುವವರೆಗೆ ಎಂದು, ಪೊಲೀಸರ ಅನುಮತಿ ಪಡೆದು ತಮ್ಮ ಜೋಡಿನಳಿಗೆ ಕೋವಿಯನ್ನು ತಂದಿಟ್ಟು ಹೋಗಿದ್ದರು. ಒಳಗೆ ಗುಂಡು ಇದೆಯೇ ಎಂದು ಕೇಳಿದ್ದಕ್ಕೆ "ಇರಲಾರದು" ಎಂದಿದ್ದರು. ಆ "ಇರಲಾರದು" ಅಂದಿನಿಂದ ಅವನ ನಿದ್ದೆ ಕೆಡಿಸಿತ್ತು. ಕೋವಿಯನ್ನು ಕಂಬಳಿಯಲ್ಲಿ ಸುತ್ತಿ, ಬಚ್ಚಲಿನ ಗೋಡೆಗೆ ಒತ್ತಿಕೊಂಡಿದ್ದ ಬೀರುವಿನಲ್ಲಿಟ್ಟು ಬೀಗ ಹಾಕಿದವನು, ಮಳೆಗಾಲ ಕಳೆದು ಚಳಿಗಾಲ ಬಂದರೂ ಆ ಕಡೆ ತಿರುಗಿ ನೋಡಿರಲಿಲ್ಲ.

ಈಗ ಬೀಗ ತೆಗೆದ. ಕಂಬಳಿ ಒದ್ದೆ ನಾಯಿಯ ಹಾಗೆ ನಾರುತ್ತಿತ್ತು. ಬಿಡಿಸಿದರೆ, ನಳಿಗೆಯ ಉದ್ದಕ್ಕೂ ಗಜಕರ್ಣ ಹಬ್ಬಿದಂತೆ ಕೆಂಪು ತುಕ್ಕು.

"ಅದು ನಮ್ಮ ತಾತನ ಕೋವಿ ಕಣ್ರೀ," ಎಂದಳು ಹೆಂಡತಿ ಬಾಗಿಲ ಮರೆಯಿಂದಲೇ. "ಅದನ್ನ ಒಪ್ಪಿಸುವಾಗ ಅಪ್ಪ ಹೇಳಿದಷ್ಟು ಬುದ್ಧಿಮಾತು ನನ್ನನ್ನ ಒಪ್ಪಿಸುವಾಗಲೂ ಹೇಳಿರ್ಲಿಲ್ಲ."

ಹೇಳಿ ಸುಮ್ಮನಾಗದೆ ಕೆಳಮನೆಯ ಸುಬೇದಾರರನ್ನು ಕರೆತಂದಳು. ಅವರು ಸೈನ್ಯದಲ್ಲಿದ್ದದ್ದು ಅಡುಗೆಯವರಾಗಿ. ಸುಬೇದಾರ ಎಂಬುದು ಬೀದಿಯವರು ಕೊಟ್ಟ ಬಿರುದು. ಅವರ ಬೆನ್ನಿಗೇ ಮೇಲಿನ ಮನೆಯ ಟೈಲರಕ್ಕನೂ ಬಂದಳು.

ಸುಬೇದಾರರು ಕೋವಿಯನ್ನು ನಡುವೆ ಮಡಚಿ ತೆರೆದು, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಖಾಲಿ."

"ಖಾಲಿ ಅಂತ ನಿಮಗೆ ಗೊತ್ತು. ಅದಕ್ಕೂ ಗೊತ್ತಿರ್ಬೇಕಲ್ಲ," ಎಂದ ಗುಮಾಸ್ತ.

"ಕಂಬಳಿ ಯಾಕಯ್ಯ ಹೊದಿಸ್ದೆ? ಕೋವಿಗೇನು ನೆಗಡಿ ಆಗುತ್ತಾ? ಬಟ್ಟೆ ತೇವ ಹೀರ್ಕೊಂಡು ಕಬ್ಬಿಣಕ್ಕೆ ಕುಡಿಸುತ್ತೆ. ಮೊದಲು ಬೆಚ್ಚಗಿರೋ ಕಡೆ ತಗೊಂಡು ನಡಿ."

ಮನೆಯಲ್ಲಿ ಬೆಚ್ಚಗಿದ್ದದ್ದು ಅಡುಗೆಮನೆಯೊಂದೇ. ಒಲೆಯ ಮೇಲೆ ನೀರು ಮರಳುತ್ತಿತ್ತು. ಆ ಹಬೆಗೆ ಬಂದದ್ದೇ, ತಣ್ಣಗೆ ಕೊರೆಯುತ್ತಿದ್ದ ನಳಿಗೆಯ ಮೇಲೆ ಸಣ್ಣ ಸಣ್ಣ ಹನಿಗಳು ಮೂಡಿದವು.

"ಬೆವರ್ತಾ ಇದೆ," ಎಂದ ಗುಮಾಸ್ತ, ಹೆಂಡತಿಯ ಹಿಂದೆ ಸರಿಯುತ್ತ.

"ನಮ್ಮ ಕುಕ್ಕರೂ ಸಿಡಿಯೋ ಮುಂಚೆ ಹೀಗೇ ಬೆವರಿತ್ತು," ಎಂದಳು ಟೈಲರಕ್ಕ.

ಮರುಗಳಿಗೆ ಸುಬೇದಾರರನ್ನು ಬಿಟ್ಟು ಉಳಿದವರೆಲ್ಲ ಮೆಟ್ಟಿಲ ಮೇಲಿದ್ದರು. ಸುಬೇದಾರರು ಒಳಗಿನಿಂದ ಕೂಗಿದರು: "ತಣ್ಣಗಿದ್ದದ್ದಕ್ಕೆ ಹಬೆ ತಗುಲಿದ್ರೆ ಹೀಗೇ ಕಣ್ರೋ. ಬಿಸಿಲಿಗೆ ಇಡೋಣ."

ಬಾಲ್ಕನಿಯ ಕಂಬಿಗೆ ಒರಗಿಸಿದ ಕೋವಿ ನೇರವಾಗಿ ಎದುರಿನ ಹಲ್ಲಿನ ಡಾಕ್ಟರ ಕಿಟಕಿಯತ್ತ ಬಾಯಿ ಮಾಡಿತ್ತು. ಡಾಕ್ಟರು ತಲೆಯೆತ್ತಿ ನೋಡಿದವರು ಇಕ್ಕಳದ ಸಮೇತ ಎರಡೂ ಕೈ ಮೇಲೆತ್ತಿದರು. ಕುರ್ಚಿಯಲ್ಲಿದ್ದ ರೋಗಿಯೂ ಎತ್ತಿದ. ಅವನ ಬಾಯಿ ಮೊದಲೇ ತೆರೆದಿತ್ತು. ನೋಡನೋಡುತ್ತಿದ್ದಂತೆ ಬೀದಿಯ ಅಂಗಡಿಗಳ ಬಾಗಿಲು ದಡದಡನೆ ಮುಚ್ಚಿಕೊಂಡವು. ಸ್ವಲ್ಪ ಹೊತ್ತಿಗೆ ಪೇದೆಯೊಬ್ಬ ಲಾಠಿ ಹಿಡಿದು ಮೆಟ್ಟಿಲು ಹತ್ತಿ ಬಂದ.

"ಇಲ್ಲಿ ಯಾರನ್ನೋ ಒತ್ತೆ ಇಟ್ಕೊಂಡಿದ್ದಾರಂತೆ?"

"ನನ್ನನ್ನೇ ಸಾರ್," ಎಂದ ಗುಮಾಸ್ತ, ಮನಸ್ಸಿನಲ್ಲಿದ್ದದ್ದನ್ನೇ.

ಅನುಮತಿ ಪತ್ರ ತೋರಿಸಿ ಪೇದೆಯನ್ನು ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ಗುಮಾಸ್ತನ ಅಂಗಿ ಬೆನ್ನಿಗೆ ಅಂಟಿತ್ತು. ಅಷ್ಟರಲ್ಲಿ ಟೈಲರಕ್ಕ ಹೊಲಿಗೆ ಯಂತ್ರದ ಎಣ್ಣೆ ತಂದಳು. ಸುಬೇದಾರರು ಪಾತ್ರೆ ತಿಕ್ಕಿದ ಅನುಭವವನ್ನೆಲ್ಲ ಧಾರೆಯೆರೆದು ತಿಕ್ಕಿದರು. ಮಾವನ ಕಾರು ನಿಂತ ಸದ್ದು ಕೇಳುವ ಹೊತ್ತಿಗೆ ಕೋವಿ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು.

ಮಾವ ಒಳಗೆ ಬಂದು, ಕೋವಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಮುಖ ಇಳಿದುಹೋಯಿತು.

"ಒಂದು ಚೂರೂ ತುಕ್ಕಿಲ್ವಾ?"

"ಇಲ್ಲ ಮಾವ," ಎಂದ ಗುಮಾಸ್ತ, ಮದುವೆಯಾದ ಮೇಲೆ ಮೊದಲ ಸಲ ಎದೆಯುಬ್ಬಿಸಿ.

ಮಾವ ಕುಸಿದು ಕುಳಿತರು. "ಕೆಲಸ ಕೆಡಿಸಿದ್ರಿ ಅಳಿಯಂದ್ರೇ. ಚಿಕ್ಕಂದಿನಿಂದ ಇದನ್ನ ಕಂಡ್ರೆ ನನ್ನ ಕೈಕಾಲು ನಡುಗುತ್ತೆ. ಕೆಟ್ಟು ಹೋಗೋವರೆಗೂ ನಮ್ಮ ಕುಟುಂಬದಿಂದ ಹೊರಗೆ ಕೊಡಲ್ಲ ಅಂತ ಅಪ್ಪನಿಗೆ ಮಾತು ಕೊಟ್ಟಿದ್ದೆ. ಅದಕ್ಕೇ ಚಾವಣಿ ನೆಪ ಹೇಳಿ, ತೇವದ ಗೋಡೆ ಇರೋ ನಿಮ್ಮ ಮನೇಲಿ ತಂದಿಟ್ಟೆ. ತುಕ್ಕು ಹಿಡಿದಿದ್ರೆ ಇವತ್ತೇ ಠಾಣೆಗೆ ಒಪ್ಪಿಸಿ ಕೈ ತೊಳ್ಕೊಳ್ತಿದ್ದೆ." ನಿಟ್ಟುಸಿರಿಟ್ಟು ಮುಂದುವರಿಸಿದರು: "ಆಯ್ತು, ಇಷ್ಟು ಮುತುವರ್ಜಿ ಇರೋರ ಹೆಸರಿಗೇ ಲೈಸೆನ್ಸ್ ಮಾಡಿಸ್ತೀನಿ. ಇನ್ಮೇಲೆ ಇದು ನಿಮ್ಮದೇ."

ಗುಮಾಸ್ತ ಗಬಕ್ಕನೆ ಕೋವಿ ಕಿತ್ತುಕೊಂಡು, ಹೇನು ಹುಡುಕುವವನಂತೆ ತಡಕಾಡಿದ. ಗುಂಡು ಹಾರಿಸುವ ಕುದುರೆಯ ಸಂದಿಯಲ್ಲಿ ಕಡಲೆಕಾಳಿನಷ್ಟು ಕೆಂಪು ಕಂಡಿತು.

"ಮಾವ, ಇಲ್ಲಿದೆ ತುಕ್ಕು. ಇಲ್ನೋಡಿ, ಇಲ್ಲಿದೆ."

ಮಾವ ಆಸೆಯಿಂದ ಕನ್ನಡಕಕ್ಕೆ ಜೇಬು ತಡಕಿದರು. ಅವರು ಅದನ್ನು ಕಣ್ಣಿಗೇರಿಸುವ ಮೊದಲೇ ಸುಬೇದಾರರು ಎಣ್ಣೆ ಬಟ್ಟೆ ಹಿಡಿದು ನಡುವೆ ನುಗ್ಗಿ, ಆ ಜಾಗವನ್ನು ಪರಪರನೆ ಉಜ್ಜಿದರು.

"ಅದೊಂದು ಕಣ್ತಪ್ಪಿತ್ತು ಸಾರ್, ಬೇಜಾರು ಮಾಡ್ಕೋಬೇಡಿ," ಎಂದರು ಬೆರಳು ಒರೆಸಿಕೊಳ್ಳುತ್ತ. "ಈಗ ನೋಡಿ, ಹೊಸದರ ಹಾಗಿದೆ."