ಹನ್ನೆರಡನೇ ನಂಬರಿಗೆ ತಗುಲಿದ ಕಣ್ಣು

ಬ್ರ್ಯಾಂಪ್ಟನ್ನಿನ ಉಮಾಶಂಕರನ ಮನೆಯ ಫರ್ನೇಸು ಶನಿವಾರ ಬೆಳಿಗ್ಗೆ ಒಮ್ಮೆ ಗೊರಗೊರ ಕೆಮ್ಮಿ ತಣ್ಣಗಾಯಿತು. ನವೆಂಬರ್ ತಿಂಗಳು, ಹೊರಗೆ ಆಗಲೇ ಹಿಮ ಉದುರುತ್ತಿತ್ತು. ಮನೆಯನ್ನು ಬೆಚ್ಚಗಿಡುವ ಯಂತ್ರ ಕೈಕೊಡಲು ಇದಕ್ಕಿಂತ ಕೆಟ್ಟ ಮುಹೂರ್ತ ಇರಲಿಲ್ಲ. ಮರುದಿನ ಸಂಜೆ ಹೆಂಡತಿ ಪದ್ಮಾಳ ಅಕ್ಕ ಕಲಾವತಿ ಮೈಸೂರಿನಿಂದ ಮೊದಲ ಬಾರಿಗೆ ಕೆನಡಾಕ್ಕೆ ಬಂದಿಳಿಯುವವರಿದ್ದರು.

ಈ ಕಲಾವತಿಯವರು ಉಮಾಶಂಕರನ ಸಂಬಂಧಕ್ಕೆ ಮೊದಲಿನಿಂದಲೂ ಒಲ್ಲೆ ಅಂದವರು. "ಹುಡುಗ ಒಳ್ಳೆಯವನೇ, ಆದ್ರೆ ಯಾವ ಕೆಲಸಾನೂ ನೆಟ್ಟಗೆ ಮಾಡಲ್ಲ" ಎಂದು ನಿಶ್ಚಿತಾರ್ಥದ ದಿನವೇ ಹೇಳಿದ್ದರು. ಅಂದಿನಿಂದ ಆ ಮಾತಿಗೆ ಸಾಕ್ಷಿ ಹುಡುಕುತ್ತಲೇ ಇದ್ದರು. ಈಗ ಸಾಕ್ಷಿ ಬೇಸ್‌ಮೆಂಟಿನಲ್ಲಿ ತಣ್ಣಗೆ ಕೂತಿತ್ತು.

"ರೀ, ಅಕ್ಕ ಒಳಗೆ ಕಾಲಿಡೋ ಹೊತ್ತಿಗೆ ಮನೆ ಬೆಚ್ಚಗಿರ್ಬೇಕು. ಇಲ್ದಿದ್ರೆ ನಾನೂ ಅಕ್ಕನೂ ಹೋಟೆಲ್ಲಿಗೆ ಹೋಗ್ತೀವಿ. ನೀವು ಆ ಫರ್ನೇಸ್ ಜೊತೆ ಸಂಸಾರ ಮಾಡ್ಕೊಂಡಿರಿ," ಎಂದಳು ಪದ್ಮಾ.

ಉಮಾಶಂಕರ ಊರಿನ ಎಲ್ಲ ಕಂಪನಿಗಳಿಗೂ ಫೋನ್ ಮಾಡಿದ. ದಿಢೀರನೆ ಬಂದ ಚಳಿಗೆ ಎಲ್ಲರ ಮನೆಯ ಫರ್ನೇಸುಗಳೂ ಮುಷ್ಕರ ಹೂಡಿದ್ದವು. ಗುರುವಾರದವರೆಗೆ ಯಾರಿಗೂ ಪುರಸೊತ್ತಿಲ್ಲ. ಕೊನೆಗೆ ಪಕ್ಕದ ಮನೆಯ ಗಿರಿಜಾ ಒಂದು ನಂಬರು ಕೊಟ್ಟಳು.

"ಟ್ರೆವರ್ ಅಂತ ಒಬ್ಬ ಹುಡುಗ. ನಾವು ಮೊದ್ಲು ಇದ್ದ ಊರಿನವನು. ಏನ್ ಕೈಗುಣ ಅಂತೀರಾ! ಅವನು ಮುಟ್ಟಿದ್ರೆ ಸತ್ತ ಫರ್ನೇಸೂ ಎದ್ದು ಕೂತ್ಕೊಳತ್ತೆ. ದೂರ ಆದ್ರೂ ನಾನು ಹೇಳಿದ್ರೆ ಬರ್ತಾನೆ."

ಟ್ರೆವರ್ ಒಪ್ಪಿದ. ಭಾನುವಾರ ಹಗಲು ತನಗೆ ಬೇರೆ ಕೆಲಸವಿದೆ, ಅದನ್ನು ಮುಗಿಸಿಕೊಂಡು ನಾಲ್ಕು ಗಂಟೆಗೆ ನೇರವಾಗಿ ಬರುತ್ತೇನೆ ಎಂದ. ಬೇರೆಯವರಾಗಿದ್ದರೆ ಅಷ್ಟಕ್ಕೆ ಸುಮ್ಮನಾಗುತ್ತಿದ್ದರು. ಆದರೆ ಉಮಾಶಂಕರ ಎಸ್‌ಟಿಡಿ ಬೂತುಗಳ ಕಾಲದಲ್ಲಿ ಫೋನು ಕಲಿತವನು. ಮಾತಿಗೆ ಮುಂಚೆ ಎರಡು ಸಲ ಹಲೋ ಎನ್ನಬೇಕು, ಫೋನ್ ಇಲ್ಲದಿದ್ದರೂ ಆಚೆಯವರಿಗೆ ಕೇಳಿಸುವಷ್ಟು ಜೋರಾಗಿ ಅನ್ನಬೇಕು. ಶನಿವಾರ ಪೂರ್ತಿ ಅವನು ಟ್ರೆವರನಿಗೆ "ಹಲೋ ಹಲೋ! ಟುಮಾರೋ ಫೋರ್ ಓ ಕ್ಲಾಕ್, ಮರೀಬೇಡಿ!" ಎಂದು ನೆನಪಿಸುತ್ತಲೇ ಇದ್ದ. ಭಾನುವಾರ ಬೆಳಿಗ್ಗೆ ಮತ್ತೆ ಮಾಡಿದಾಗ ಆ ಹುಡುಗ, ಸರ್, ನಿಮ್ಮ ದನಿ ನನಗೆ ಕನಸಿನಲ್ಲೂ ಕೇಳಿಸುತ್ತಿದೆ, ದಯವಿಟ್ಟು ಸಂಜೆಯವರೆಗೆ ಬಿಟ್ಟುಬಿಡಿ ಎಂದು ಬೇಡಿಕೊಂಡು ಫೋನ್ ಇಟ್ಟ.

"ಇನ್ನೊಂದ್ಸಲ ಮಾಡಿದ್ರೆ ಅವನು ಬರೋದೇ ಇಲ್ಲ," ಎಂದು ಪದ್ಮಾ ಫೋನ್ ಕಿತ್ತುಕೊಂಡಳು. "ನೀವು ಮನೇಲಿದ್ರೆ ಕಷ್ಟ. ಆ ಶ್ರೀಕಂಠನ ಜೊತೆ ಮ್ಯಾಚಿಗಾದ್ರೂ ಹೋಗಿ."

ಶ್ರೀಕಂಠ ಅಲ್ಲಿನ ಕನ್ನಡ ಸಂಘದ ಕಾರ್ಯದರ್ಶಿ. ಅವನ ಮಗ ಮಂಥನ್ ಬ್ರ್ಯಾಂಪ್ಟನ್ನಿನ ಫುಟ್‌ಬಾಲ್ ತಂಡಕ್ಕೆ ಸೇರಿದಂದಿನಿಂದ ಸಂಘದವರೆಲ್ಲ ಆ ಆಟದ ಭಕ್ತರಾಗಿಬಿಟ್ಟಿದ್ದರು. ಹೆಸರು ಫುಟ್‌ಬಾಲಾದರೂ ಆ ಆಟದಲ್ಲಿ ಕಾಲಿಗೆ ಕೆಲಸ ಕಡಿಮೆ. ತೆಂಗಿನಕಾಯಿಯಂಥ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡಬೇಕು, ಓಡುವವನ ಮೇಲೆ ಉಳಿದವರು ಗೋಣಿಚೀಲಗಳಂತೆ ಬೀಳಬೇಕು. ಆ ಚೆಂಡನ್ನು ಯಾರಿಗೆ ಎಸೆಯಬೇಕೆಂದು ನಿರ್ಧರಿಸಿ ಎಸೆಯುವವನು ಕ್ವಾರ್ಟರ್‌ಬ್ಯಾಕು. ಅವನ ಕೈ ನಡೆದರೆ ತಂಡ ನಡೆಯಿತು.

ಬ್ರ್ಯಾಂಪ್ಟನ್ನಿನ ದುರದೃಷ್ಟಕ್ಕೆ ಅಂಥ ಕೈ ಇದ್ದದ್ದು ಸ್ಟೌಫ್‌ವಿಲ್ ಎಂಬ ಊರಿನ ತಂಡದಲ್ಲಿ. ಹೆಸರು ಯಾರಿಗೂ ಗೊತ್ತಿರಲಿಲ್ಲ. ಹೆಲ್ಮೆಟ್ಟಿನೊಳಗೆ ಮುಖ ಕಾಣುತ್ತಿರಲಿಲ್ಲ. ಎಲ್ಲರೂ ಅವನನ್ನು 'ಹನ್ನೆರಡನೇ ನಂಬರು' ಎಂದೇ ಶಪಿಸುತ್ತಿದ್ದರು. ಮೂರು ವರ್ಷದಿಂದ ಫೈನಲ್ಲಿನಲ್ಲಿ ಬ್ರ್ಯಾಂಪ್ಟನ್ನನ್ನು ಮಣ್ಣುಮುಕ್ಕಿಸಿದವನು ಅವನೇ. ಈ ದಿನ ನಾಲ್ಕನೆಯ ಫೈನಲ್ಲು.

ಶ್ರೀಕಂಠನ ಕಾರಿನಲ್ಲಿ ಆಗಲೇ ಕೂತಿದ್ದ ಚಿಕ್ಕಣ್ಣ, ಉಮಾಶಂಕರ ಹತ್ತಿದ ಕೂಡಲೇ ಎಚ್ಚರಿಕೆ ಕೊಟ್ಟ. ಈ ಚಿಕ್ಕಣ್ಣ ಮಂಡ್ಯದವನು, ಇಲ್ಲಿ ಗೋಡೌನಿನಲ್ಲಿ ಕೆಲಸ.

"ಅಣ್ಣೋ, ಕೈ ಮುಗೀತೀನಿ. ನಮ್ ಹುಡುಗ್ರನ್ನ ಮಾತ್ರ ಹೊಗಳ್ಬ್ಯಾಡಿ."

ಉಮಾಶಂಕರನ ಮುಖ ಬಾಡಿತು. ಅವನ ಕಣ್ಣು ತಗುಲುತ್ತದೆ ಎಂಬ ಮಾತು ಬ್ರ್ಯಾಂಪ್ಟನ್ನಿನ ಕನ್ನಡಿಗರಲ್ಲಿ ಮನೆಮಾತಾಗಿತ್ತು. ಚಿಕ್ಕಣ್ಣನ ಹೊಸ ಕಾರನ್ನು ಅವನು "ಮುತ್ತಿನಂಥ ಕಾರು" ಅಂದ ಮರುದಿನ ಅದು ಜಾರಿ ಲೈಟ್ ಕಂಬಕ್ಕೆ ಗುದ್ದಿತ್ತು. ಗಿರಿಜಾಳ ಕುಂಡದ ಕರಿಬೇವನ್ನು ಅವನು ಮೂಸಿ ಮೆಚ್ಚಿದ ವಾರದಲ್ಲೇ ಅದು ಕಡ್ಡಿಯಾಗಿತ್ತು. ನಾಮಕರಣಗಳಲ್ಲಿ ಅವನು ಬಂದನೆಂದರೆ ತಾಯಂದಿರು ಮಗುವಿಗೆ ಟೋಪಿ ಎಳೆದು ಒಳಗೆ ಹೋಗುತ್ತಿದ್ದರು. ಬಡಪಾಯಿ ಯಾರಿಗೂ ಕೆಟ್ಟದ್ದು ಬಯಸಿದವನಲ್ಲ. ಚೆನ್ನಾಗಿರುವುದನ್ನು ಚೆನ್ನಾಗಿದೆ ಎನ್ನದೆ ಇರಲು ಅವನಿಂದ ಆಗುತ್ತಿರಲಿಲ್ಲ, ಅಷ್ಟೆ. ನಾಲ್ಕು ಜನ ತನ್ನನ್ನೂ ಒಮ್ಮೆ ಮರ್ಯಾದೆಯಿಂದ ಕಾಣಲಿ ಎಂಬ ಆಸೆ ಅವನಿಗೆ ಬಹಳ ದಿನದಿಂದ ಇತ್ತು.

ಮೈದಾನದಲ್ಲಿ ಅವನನ್ನು ಕೊನೆಯ ಸಾಲಿನಲ್ಲಿ ಕೂರಿಸಿ, ಮೂಗಿನವರೆಗೂ ಮಫ್ಲರ್ ಸುತ್ತಿದರು. ಅವನು ಬಹಳ ಹೊತ್ತು ಸುಮ್ಮನಿದ್ದ. ಹನ್ನೆರಡನೇ ನಂಬರು ಮಾತ್ರ ಸುಮ್ಮನಿರಲಿಲ್ಲ. ಅವನು ಎಸೆದ ಚೆಂಡು ಗೂಡಿಗೆ ಮರಳುವ ಹಕ್ಕಿಯ ಹಾಗೆ ಹೋಗಿ ತನ್ನವರ ಎದೆಗೇ ಬೀಳುತ್ತಿತ್ತು. ಶ್ರೀಕಂಠ ತಲೆಯ ಮೇಲೆ ಕೈಹೊತ್ತ. ಚಿಕ್ಕಣ್ಣ ಮಲೆಮಹದೇಶ್ವರನಿಗೆ ಹರಕೆ ಹೊತ್ತ. ಆಟ ಮುಗಿಯಲು ಸ್ವಲ್ಪವೇ ಹೊತ್ತಿತ್ತು, ಬ್ರ್ಯಾಂಪ್ಟನ್ ಸೋಲುವುದು ಖಚಿತವಾಗಿತ್ತು.

ಹನ್ನೆರಡನೇ ನಂಬರು ಮತ್ತೊಮ್ಮೆ ಚೆಂಡು ಹಿಡಿದು ತೋಳೆತ್ತಿದ. ಆ ನಿಲುವು, ಆ ಬೀಸು! ಉಮಾಶಂಕರನಿಗೆ ತಡೆಯಲಾಗಲಿಲ್ಲ. ಮಫ್ಲರ್ ಕಿತ್ತೆಸೆದು ಬೆಂಚಿನ ಮೇಲೆ ಹತ್ತಿ ನಿಂತ.

"ಹಲೋ ಹಲೋ! ಹನ್ನೆರಡು! ವಾಟ್ ಎ ಹ್ಯಾಂಡ್! ಗೋಲ್ಡನ್ ಹ್ಯಾಂಡಯ್ಯಾ ನಿಂದು!"

ಹನ್ನೆರಡನೇ ನಂಬರು ಚೆಂಡು ಎಸೆಯಲಿಲ್ಲ. ಎತ್ತಿದ ಕೈ ಎತ್ತಿದಂತೆಯೇ, ದೆವ್ವದ ದನಿ ಕೇಳಿದವನ ಹಾಗೆ ಗಕ್ಕನೆ ಜನರ ಕಡೆಗೆ ತಿರುಗಿ ನೋಡಿದ. ಆ ಒಂದು ಕ್ಷಣದಲ್ಲಿ ಶ್ರೀಕಂಠನ ಮಗ ಮಂಥನ್ ತನ್ನ ಪೂರ್ತಿ ತೂಕದೊಂದಿಗೆ ಅವನ ಮೇಲೆ ಬಿದ್ದ. ಲಟ್ ಎಂದ ಸದ್ದು ಕೊನೆಯ ಸಾಲಿಗೂ ಕೇಳಿಸಿತು.

ಹುಡುಗನ ಬಲಗೈ ಬಾಗಬಾರದ ಕಡೆ ಬಾಗಿತ್ತು. ಸ್ಟ್ರೆಚರ್ ಬಂತು, ಆಂಬುಲೆನ್ಸ್ ಬಂತು. "ಅಯ್ಯೋ ಪಾಪ, ಯಾರ ಮಗನೋ ಏನೋ," ಎಂದು ಉಮಾಶಂಕರ ಕೂತುಬಿಟ್ಟ. ಸ್ಟೌಫ್‌ವಿಲ್‌ನವರು ಕಣ್ಣೊರೆಸಿಕೊಂಡರು. ಬ್ರ್ಯಾಂಪ್ಟನ್ನಿನವರು ಶಿಷ್ಟಾಚಾರಕ್ಕೆಂದು ಮೆಲ್ಲಗೆ ಚಪ್ಪಾಳೆ ತಟ್ಟಿದರು. ಆದರೆ ಆಂಬುಲೆನ್ಸು ಗೇಟು ದಾಟಿತೋ ಇಲ್ಲವೋ, ಆ ಚಪ್ಪಾಳೆ ಜೋರಾಯಿತು, ಶಿಳ್ಳೆಯಾಯಿತು, ಕುಣಿತವಾಯಿತು.

"ಅಣ್ಣೋ!" ಚಿಕ್ಕಣ್ಣ ಉಮಾಶಂಕರನನ್ನು ಅಪ್ಪಿ ಎತ್ತಿದ. "ಏನ್ ಕಣ್ಣಣ್ಣಾ ನಿಮ್ದು! ಮೂರು ವರ್ಸ ಯಾರ ಕೈಲೂ ಆಗ್ದಿದ್ದು, ಒಂದೇ ಮಾತಲ್ಲಿ ಮಲಗಿಸ್ಬುಟ್ರಲ್ಲಾ!"

"ಛೆ ಛೆ, ನಾನು ಹಾಗಂತ ಅಂದಿದ್ದಲ್ಲ..."

"ನೀವು ಹೆಂಗಂದ್ರೂ ಸರಿ, ತಗುಲ್ತಲ್ಲ!"

ಕ್ವಾರ್ಟರ್‌ಬ್ಯಾಕಿಲ್ಲದ ಸ್ಟೌಫ್‌ವಿಲ್ ತಂಡ ಸೂತ್ರ ಹರಿದ ಗಾಳಿಪಟವಾಯಿತು. ಬ್ರ್ಯಾಂಪ್ಟನ್ ಗೆದ್ದಿತು. ಟ್ರೋಫಿ ಮಂಥನ್ ಕೈಗೆ ಹೋಯಿತು, ಕೀರ್ತಿ ಮಾತ್ರ ಉಮಾಶಂಕರನ ಪಾಲಿಗೆ ಬಂತು.

ಶ್ರೀಕಂಠ ಕಾರಿನ ಡಿಕ್ಕಿ ತೆಗೆದ. ರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಗಳು ಹಿಮದಲ್ಲಿ ಸಿಕ್ಕಿಕೊಂಡು ಬಾರದೆ ಉಳಿದದ್ದರಿಂದ ಅವರಿಗೆಂದು ತಂದ ಮೈಸೂರು ಪೇಟ, ಜರಿ ಶಾಲು, ಗಂಧದ ಹಾರ ಅದರಲ್ಲಿ ಹಾಗೇ ಬಿದ್ದಿದ್ದವು. ಪಾರ್ಕಿಂಗ್ ಲಾಟಿನ ನಡುವೆ ಉಮಾಶಂಕರನನ್ನು ಮಡಚುವ ಕುರ್ಚಿಯಲ್ಲಿ ಕೂರಿಸಿ, ಪೇಟ ತೊಡಿಸಿ, ಶಾಲು ಹೊದಿಸಿ, ಹಾರ ಹಾಕಿದರು.

"ಮಾನ್ಯರೇ," ಶ್ರೀಕಂಠ ಗಂಟಲು ಸರಿಮಾಡಿಕೊಂಡ, "ಈ ಮಹನೀಯರ ಕಣ್ಣನ್ನು ನಾವು ಇಷ್ಟು ದಿನ ತಪ್ಪಾಗಿ ತಿಳಿದಿದ್ದೆವು. ಅದು ಸಂಘದ ಆಸ್ತಿ."

ಚಪ್ಪಾಳೆಯೋ ಚಪ್ಪಾಳೆ. ಒಬ್ಬ ಬಂದು ಮುಂದಿನ ವರ್ಷ ಹ್ಯಾಮಿಲ್ಟನ್ ತಂಡವನ್ನೂ ಒಂದಿಷ್ಟು ಮೆಚ್ಚಿಕೊಳ್ಳಬೇಕೆಂದು ಕೇಳಿಕೊಂಡ. ಚಿಕ್ಕಣ್ಣ ಕಿವಿಯಲ್ಲಿ, "ಅಣ್ಣೋ, ನಮ್ ಗೋಡೌನ್ ಮ್ಯಾನೇಜರ್‌ನ ಒಂದ್ಸಲ ಹೊಗಳ್ಬುಡಿ," ಎಂದು ಪಿಸುಗುಟ್ಟಿದ. ನಾಮಕರಣದಲ್ಲಿ ಮಗುವನ್ನು ಬಚ್ಚಿಟ್ಟಿದ್ದ ತಾಯಿಯೊಬ್ಬಳು ಸೆಲ್ಫಿ ತೆಗೆಸಿಕೊಂಡಳು, ಮಗುವನ್ನು ಮಾತ್ರ ಗಂಡನ ಹತ್ತಿರ ಬಿಟ್ಟು ಬಂದಿದ್ದಳು. ಉಮಾಶಂಕರನ ಎದೆ ಉಬ್ಬಿತು. ಆ ಹುಡುಗನ ಬಾಗಿದ ಕೈ ಆಗಾಗ ಕಣ್ಣಮುಂದೆ ಬರುತ್ತಿತ್ತು, ನಿಜ. ಅವನು ಪೇಟ ಸರಿಪಡಿಸಿಕೊಂಡು ಅದನ್ನು ಮರೆಯುತ್ತಿದ್ದ.

ನಾಲ್ಕರ ಹೊತ್ತಿಗೆ ಮೆರವಣಿಗೆ ಅವನ ಮನೆಗೇ ಬಂತು. ಪದ್ಮಾ ಎರಡು ಸ್ವೆಟರಿನ ಮೇಲೆ ಕೋಟು ಹಾಕಿಕೊಂಡು ಬಾಗಿಲು ತೆಗೆದಳು. ಮನೆ ಫ್ರಿಜ್ಜಿನ ಒಳಗಿನಂತಿತ್ತು. ಮಗಳು ಶರ್ವಾಣಿ ದೊಡ್ಡಮ್ಮನನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಿಯಾಗಿತ್ತು.

"ಟ್ರೆವರ್ ಬಂದನಾ?" ಎಂದ ಉಮಾಶಂಕರ.

"ಇನ್ನೂ ಇಲ್ಲ. ಇದೇನ್ರೀ ವೇಷ?"

ಚಿಕ್ಕಣ್ಣ ನಡೆದದ್ದನ್ನೆಲ್ಲ ಅಭಿನಯಿಸಿ ತೋರಿಸಿದ. ಗಿರಿಜಾ ಸುದ್ದಿ ಕೇಳಿ ಬಿಸಿ ಬಜ್ಜಿ ಹಿಡಿದು ಬಂದಳು. ಬಜ್ಜಿಗಿಂತ ಅದರ ಹಬೆಗೆ ಎಲ್ಲರೂ ಮುತ್ತಿದರು. ಐದಾಯಿತು. ದೊಡ್ಡಮ್ಮನ ಜೊತೆ ಏರ್‌ಪೋರ್ಟ್ ಬಿಟ್ಟೆ ಎಂದು ಶರ್ವಾಣಿಯ ಮೆಸೇಜು ಬಂತು. ಪದ್ಮಾಳ ಮುಖ ಬಿಳಿಚಿತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು. ಟ್ರೆವರ್! ಎಲ್ಲರಿಗೂ ಕೇಳಲೆಂದು ಪದ್ಮಾ ಸ್ಪೀಕರಿಗೆ ಹಾಕಿದಳು.

ಹುಡುಗನ ದನಿ ಸೋತಿತ್ತು. ಕ್ಷಮಿಸಿ ಮೇಡಂ, ಬರಲಾಗುತ್ತಿಲ್ಲ, ಆಸ್ಪತ್ರೆಯಲ್ಲಿದ್ದೇನೆ ಎಂದ. ಬಲಗೈ ಎರಡು ಕಡೆ ಮುರಿದಿದೆ. ತಾನು ಸ್ಟೌಫ್‌ವಿಲ್ ಪರವಾಗಿ ಫುಟ್‌ಬಾಲ್ ಆಡುತ್ತೇನೆ, ಈ ದಿನ ನಿಮ್ಮ ಊರಲ್ಲೇ ಫೈನಲ್ ಇತ್ತು, ಮುಗಿಸಿಕೊಂಡು ನೇರ ನಿಮ್ಮ ಮನೆಗೇ ಬರುವವನಿದ್ದೆ ಎಂದ.

ಚಿಕ್ಕಣ್ಣನ ಬಾಯಲ್ಲಿ ಬಜ್ಜಿ ಹಾಗೇ ನಿಂತಿತು. ಉಮಾಶಂಕರ ಗೋಡೆ ಹಿಡಿದುಕೊಂಡ.

ಚೆಂಡು ಎಸೆಯಬೇಕು ಅನ್ನುವಷ್ಟರಲ್ಲಿ, ಟ್ರೆವರ್ ಮುಂದುವರಿಸಿದ, ಜನರ ನಡುವಿನಿಂದ ಯಾರೋ 'ಹಲೋ ಹಲೋ' ಎಂದು ಕೂಗಿದರು. ನಿನ್ನೆಯಿಂದ ಕೇಳಿ ಕೇಳಿ ಸಾಕಾದ ದನಿ. ಅಯ್ಯೋ, ಫರ್ನೇಸಿಗಾಗಿ ಇವರು ಮೈದಾನಕ್ಕೂ ಬಂದರಲ್ಲಾ ಎಂದು ಗಾಬರಿಯಾಗಿ ತಿರುಗಿದೆ. ಮೇಡಂ, ನಿಮ್ಮ ಯಜಮಾನರು ಈ ದಿನ ಮ್ಯಾಚಿಗೆ ಬಂದಿದ್ದರೇ?

ಉಮಾಶಂಕರ ಬಾಯಿ ತೆರೆದ. ಪದ್ಮಾ ತನ್ನ ಕೈಯಿಂದ ಅದನ್ನು ಮುಚ್ಚಿದಳು.

"ನೋ ನೋ, ನೋ ಚಾನ್ಸ್! ಅವ್ರಿಗೆ ಗಂಟಲು ಕಟ್ಟಿದೆ. ಬೆಳಿಗ್ಗೆಯಿಂದ ಹಾಸಿಗೇಲೇ ಇದಾರೆ," ಎಂದು ಇಂಗ್ಲಿಷಿನಲ್ಲಿ ಸರಾಗವಾಗಿ ಹೇಳಿದಳು. ಊರಿಂದ ಅಕ್ಕ ಬರುತ್ತಿರುವುದನ್ನೂ, ಚಳಿಯನ್ನೂ ಹೇಳಿಕೊಂಡು ಒಂದೆರಡು ಸಲ ಮೂಗೇರಿಸಿದಳು.

ಟ್ರೆವರ್ ಒಳ್ಳೆಯ ಹುಡುಗ. ಕರಗಿಬಿಟ್ಟ. ತನ್ನ ತಮ್ಮನೂ ಇದೇ ಕೆಲಸ ಮಾಡುತ್ತಾನೆ, ಪಕ್ಕದಲ್ಲೇ ಇದ್ದಾನೆ, ಈಗಲೇ ಬರಲಾಗುತ್ತದೆಯೇ ಎಂದು ಕೇಳುತ್ತೇನೆ, ಫೋನ್ ಇಡಬೇಡಿ ಎಂದ. ಸ್ಪೀಕರಿನಲ್ಲಿ ಮಾತು ನಿಂತಿತು. ಎಲ್ಲರೂ ಉಸಿರು ಬಿಟ್ಟರು. ಪದ್ಮಾ ಕೈ ಮುಗಿದು ದೇವರ ಮನೆಯ ಕಡೆ ಓಡಿದಳು.

ಈ ಬಿಡುವಿನಲ್ಲಿ ಚಿಕ್ಕಣ್ಣನಿಗೆ ಒಂದು ಉಪಾಯ ಹೊಳೆಯಿತು.

"ಅಣ್ಣೋ, ನೀವು ಹೊಗಳಿದ್ದೆಲ್ಲಾ ಹಾಳಾಯ್ತದೆ ತಾನೆ? ಈ ಚಳೀನೇ ಒಂದ್ಸಲ ಹೊಗಳ್ಬುಡಿ! ಇಲ್ಲೇ ಸಾಯ್ಲಿ!"

"ಲಾಜಿಕಲ್ಲು," ಎಂದ ಶ್ರೀಕಂಠ.

ಮರ್ಯಾದೆಯ ರುಚಿ ಕಂಡ ಮನುಷ್ಯ, ತಲೆಯ ಮೇಲೆ ಪೇಟ ಬೇರೆ ಇತ್ತು. ಉಮಾಶಂಕರ ನಡುಮನೆಯಲ್ಲಿ ಎದೆ ಸೆಟೆಸಿ ನಿಂತು, ಎರಡೂ ಕೈ ಚಾಚಿ, ಮನೆ ನಡುಗುವಂತೆ ಕೂಗಿದ.

"ಹಲೋ ಹಲೋ! ಚಳಿ! ವಾಟ್ ಎ ಕೋಲ್ಡ್! ಗೋಲ್ಡನ್ ಕೋಲ್ಡಯ್ಯಾ ನಿಂದು!"

ಸ್ಪೀಕರಿನಿಂದ ಟ್ರೆವರನ ದನಿ ನಿಧಾನವಾಗಿ ಬಂತು. "ದಟ್ಸ್ ದ ವಾಯ್ಸ್."

ಫೋನ್ ಕಟ್ಟಾಯಿತು.

ಆಗಲೇ ಬಾಗಿಲ ಗಂಟೆ ಸದ್ದಾಯಿತು. ಶರ್ವಾಣಿಯ ಹಿಂದೆ ರೇಷ್ಮೆ ಸೀರೆಯ ಮೇಲೆ ತೆಳ್ಳಗಿನ ಸ್ವೆಟರ್ ಹಾಕಿಕೊಂಡು ಕಲಾವತಿ ನಡುಗುತ್ತ ಒಳಗೆ ಬಂದರು. ಹೊರಗಿನ ಚಳಿಯೂ ಒಳಗಿನ ಚಳಿಯೂ ಒಂದೇ ಎಂದು ಅವರಿಗೆ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಅವರು ಪೇಟ, ಶಾಲು, ಹಾರಗಳಲ್ಲಿ ನಿಂತ ತಂಗಿಯ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಇದೇನು ಪದ್ಮಾ, ನಿನ್ನ ಗಂಡನಿಗೆ ಸನ್ಮಾನ? ಏನು ಕೆಲಸ ಮಾಡಿದಾರೆ?"

ದೇವರ ಮನೆಯಿಂದ ಬಂದ ಪದ್ಮಾ ಗಂಡನ ಮೈಮೇಲಿದ್ದ ಜರಿ ಶಾಲನ್ನು ಎಳೆದು ಅಕ್ಕನಿಗೆ ಹೊದಿಸಿದಳು. ಪೇಟವನ್ನೂ ತೆಗೆದು ಅಕ್ಕನ ಕಿವಿ ಮುಚ್ಚುವಂತೆ ಇಟ್ಟಳು. ಶ್ರೀಕಂಠ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದ. ಆಮೇಲೆ ಅಕ್ಕತಂಗಿಯರು ಪೆಟ್ಟಿಗೆಯನ್ನು ಬಿಚ್ಚದೆ ಹಾಗೇ ಕಾರಿಗೆ ಸಾಗಿಸಿ ಹೋಟೆಲಿನ ದಾರಿ ಹಿಡಿದರು. ಉಮಾಶಂಕರ ಗಂಧದ ಹಾರ ಹಾಕಿಕೊಂಡು ಬೇಸ್‌ಮೆಂಟಿಗೆ ಇಳಿದು, ಫರ್ನೇಸಿನ ಪಕ್ಕದಲ್ಲಿ ಕೂತ.